ಬಾಗಿಲ ಪಕ್ಕದ ಸ್ಲೇಟು

ಎಡಿನ್‌ಬರೋ,
ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಅಜ್ಜನಿಗೆ,

ನಿನ್ನ ಕಾಲು ಹೇಗಿದೆ ಎಂದು ಮೊದಲ ಸಾಲಿನಲ್ಲೇ ಕೇಳಬೇಕೆಂದುಕೊಂಡು ಕಾಗದ ಹಿಡಿದು ಕೂತದ್ದು ಇದು ನಾಲ್ಕನೆಯ ಸಲ. ಮೂರು ಹರಿದು ಹಾಕಿದೆ. ಒಂದು ತಿಂಗಳು ತಡ ಮಾಡಿದ್ದಕ್ಕೆ ಕ್ಷಮಿಸು. ಪರೀಕ್ಷೆ ಇತ್ತು ಎಂದು ಬರೆಯಬಹುದು, ಇದ್ದದ್ದೂ ನಿಜ. ಆದರೆ ಕಾರಣ ಅದಲ್ಲ.

ಶಾಲೆಯ ಹಾಸ್ಟೆಲ್ಲಿನಲ್ಲಿ ಎಂಟನೆಯ ವಯಸ್ಸಿನಿಂದ ಪ್ರತಿ ಭಾನುವಾರ ನಮ್ಮ ಕೈಲಿ ಕಾಗದ ಬರೆಸುತ್ತಿದ್ದರು. ವಾರ್ಡನ್ ಓದಿದ ಮೇಲೆಯೇ ಲಕೋಟೆ ಅಂಟಿಸುವುದು. ನಾನು ಕ್ಷೇಮ, ಊಟ ಚೆನ್ನಾಗಿದೆ, ಹಾಕಿಯಲ್ಲಿ ಗೆದ್ದೆವು. ಹತ್ತು ವರ್ಷ ಅದನ್ನೇ ಬರೆದ ಕೈ ಇದು. ಬೇರೇನಾದರೂ ಬರೆಯಹೊರಟರೆ ಈಗಲೂ ಹೆಗಲ ಹಿಂದೆ ಯಾರೋ ಬಂದು ನಿಂತಂತಾಗುತ್ತದೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಪಾಠ ಅರ್ಥವಾಗುವುದಿಲ್ಲ, ಅರ್ಥವಾದವಳಂತೆ ತಲೆಯಾಡಿಸುತ್ತೇನೆ. ಕೋಣೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ದಿನಾ ಎರಡು ಸಲ ಮೆಟ್ಟಿಲು ಹತ್ತಿ ಬಂದು ನೋಡುತ್ತೇನೆ. ಅಮ್ಮ ಫೋನು ಮಾಡಿ, ‘ನಿಮ್ಮ ಸ್ಕಾಟ್ಲೆಂಡಿನವರಿಗೆ ಬೆಟ್ಟದ ಹುಚ್ಚು ಬಿಡೋದು ಯಾವಾಗ?’ ಎಂದು ಬೈದಳು. ನಾನು ಅರ್ಧ ಅವಳ ಕಡೆಯ ಇಂಗ್ಲಿಷಿನವಳೇ ಎನ್ನುವುದು ಬೈಯುವಾಗ ಅವಳಿಗೆ ನೆನಪಿರುವುದಿಲ್ಲ.

ಗುರುವಾರ ನಿನ್ನ ಪಕ್ಕದ ಮನೆಯ ಮರ್ಡೋ ಮಾವನ ಕಾಗದ ಬಂತು. ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ರಕ್ಷಣಾ ತಂಡದ ಕೊಟ್ಟಿಗೆಯ ಕೀಲಿಯನ್ನು ನೀನು ಬರುವ ಭಾನುವಾರ ವಾಪಸು ಕೊಡುತ್ತೀಯಂತೆ. ಮೂವತ್ತೆರಡು ವರ್ಷ ನಿನ್ನ ಸೊಂಟದಲ್ಲಿದ್ದ ಕೀಲಿ. ಅವನು ಬರೆದಿದ್ದಾನೆ: ‘ಕಾಲು ಮುರಿದರೇನು, ಕೂತ್ಕೊಂಡು ಫೋನ್ ಎತ್ತು, ನಕ್ಷೆ ನೋಡಿ ದಾರಿ ಹೇಳು ಅಂದೆ. ಅದಕ್ಕೆ ಮುದುಕ, ಕಾಲಲ್ಲ ಕಣೋ, ತಲೆ. ಬರೆದದ್ದನ್ನ ಓದೋಕೆ ಬರದವನ ಮಾತು ಕೇಳಿ ಹುಡುಗ್ರು ಬೆಟ್ಟ ಹತ್ತೋದಾ, ಅಂತಾನೆ. ಎಲ್ಸ್‌ಪೆತ್‌ಗೂ ಹೀಗೇ ಶುರುವಾದದ್ದು ಅಂತ ಒಂದೇ ಸಮ ಹೇಳ್ತಾನೆ. ಮರೆವಿನ ಡಾಕ್ಟರ ಹತ್ರ ತಾನೇ ಸಮಯ ಕೇಳಿದಾನೆ.’

ಎಲ್ಸ್‌ಪೆತ್ ಅಜ್ಜಿ ಕೊನೆಯ ವರ್ಷ ನಿನ್ನನ್ನು ಅಂಚೆಯವನೆಂದುಕೊಂಡು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ನೀನು ‘ಕಾಗದ ಇಲ್ಲಮ್ಮ ಇವತ್ತು’ ಎಂದು ಹೇಳಿ ಹಿತ್ತಲ ಬಾಗಿಲಿಂದ ಒಳಗೆ ಬರುತ್ತಿದ್ದೆ. ಮರ್ಡೋ ಮಾವನ ಆ ಸಾಲು ಓದಿದಾಗಿನಿಂದ ಕಣ್ಣ ಮುಂದೆ ಅದೇ.

ನಿನ್ನ ಕಾಲು ಮುರಿದ ಆ ಶನಿವಾರದ ಬೆಳಗನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ನೀನು ಓಟ್ಸ್ ಗಂಜಿಗೆ ಉಪ್ಪು ಹಾಕಿ ಬಡಿಸಿದೆ. ನನ್ನ ಗೆಳತಿ ಟೆಸ್ಸಾ ಒಂದು ಚಮಚ ಬಾಯಿಗಿಟ್ಟು, ‘ಸಕ್ಕರೆ ಇಲ್ವಾ ಅಜ್ಜ?’ ಎಂದಳು.

‘ಇದೆ. ಪಕ್ಕದ ಮನೆ ಕುದುರೆಗೆ ಇಟ್ಟಿದೀನಿ.’

ಅವಳು ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ನೀನು ಬಾಗಿಲ ಪಕ್ಕ ತೂಗುಹಾಕಿದ ಸ್ಲೇಟನ್ನು ಅವಳಿಗೆ ತೋರಿಸಿದೆ. ‘ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು, ಬರೆದು ಹೋಗೋದು. ಬರೆದವರೇ ಬಂದು ಒರೆಸಬೇಕು. ಬೇರೆಯವರು ಒರೆಸೋ ಹೆಸರು ಸತ್ತವರದ್ದು. ಮತ್ತೆ, ತೊರೆ ದಾರೀಲೇ ಹೋಗಿ, ಕುದುರೆ ಬೆನ್ನು ಅನ್ನೋ ಆ ಬೆಟ್ಟದ ಏಣಿನ ಕಡೆ ತಲೆ ಹಾಕಬೇಡಿ. ಮೂರು ದಿನ ಕರಗಿ ಮೂರು ದಿನ ಹೆಪ್ಪುಗಟ್ಟಿದೆ. ಗಾಜು ಅದು, ಗಾಜು.’ ಹೀಗೆಂದು ಕೋಳಿಗಳಿಗೆ ಕಾಳು ಹಾಕಲು ಹಿಂದಕ್ಕೆ ಹೋದೆ. ನಾವು ಹೊರಟಾಗ ನೀನಿನ್ನೂ ಅಲ್ಲೇ ಇದ್ದೆ.

ನೀನು ಹೋದದ್ದೇ ತಡ, ಟೆಸ್ಸಾ, ‘ತೊರೆ ಪಕ್ಕ ವಾಕಿಂಗ್ ಮಾಡೋಕೆ ಇಷ್ಟು ದೂರ ಬರಬೇಕಿತ್ತಾ? ನೀನೇನು ಬೆಟ್ಟದವಳೋ, ಬರೀ ಬಾಯಿಮಾತಿನವಳೋ?’ ಎಂದು ಕೆಣಕಿದಳು. ಕಾಲೇಜಿನಲ್ಲಿ ನಾನು ಕುದುರೆ ಬೆನ್ನನ್ನು ಹತ್ತು ಸಲ ಹತ್ತಿದ್ದೇನೆಂದು ಕೊಚ್ಚಿಕೊಂಡಿದ್ದೆ. ಹತ್ತಿದ್ದು ಎರಡೇ ಸಲ, ಅದೂ ಬೇಸಿಗೆಯಲ್ಲಿ, ನಿನ್ನ ಕೋಟು ಹಿಡಿದುಕೊಂಡು. ಗೇಟು ದಾಟಿ ಎಡಕ್ಕೆ, ಕುದುರೆ ಬೆನ್ನಿನ ಕಡೆಗೇ ತಿರುಗಿದೆವು.

ಮೇಲೆ ಏನಾಯಿತೆಂದು ನೀನು ಇವತ್ತಿಗೂ ಕೇಳಿಲ್ಲ. ಹತ್ತುವಾಗ ಬೂಟಿಗೆ ಕಟ್ಟಿದ ಉಕ್ಕಿನ ಮೊಳೆಗಳು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತಿದ್ದವು, ಬಿಸಿಲಿತ್ತು, ನಾವು ಹಾಡುತ್ತಿದ್ದೆವು. ಇಳಿಯುವಾಗ, ಬಂಡೆಯಿಂದ ನೀರು ಒಸರಿ ದಾರಿಗೆ ಅಡ್ಡ ಹೆಪ್ಪುಗಟ್ಟಿದ ಜಾಗದಲ್ಲಿ, ಟೆಸ್ಸಾಳ ಒಂದು ಬೂಟಿನ ಮೊಳೆಪಟ್ಟಿ ಕಳಚಿಕೊಂಡಿತು. ಕಾಲೇಜಿನ ಬೆಟ್ಟ ಹತ್ತುವವರ ಕ್ಲಬ್ಬಿನಿಂದ ತಂದದ್ದು, ಬೇರೆ ಯಾರದೋ ಬೂಟಿನ ಅಳತೆಗೆ ಬಿಗಿದದ್ದು. ನಾನು ನೋಡಿರಲಿಲ್ಲ. ಅದು ಇಳಿಜಾರಿನಲ್ಲಿ ಟಣ್ ಟಣ್ ಎನ್ನುತ್ತ ಹೋಗಿ ಸದ್ದಡಗಲು ಬಹಳ ಹೊತ್ತು ಹಿಡಿಯಿತು. ಅವಳು ಅಲ್ಲೇ ಕುಕ್ಕರಿಸಿ, ‘ನಾನು ಏಳಲ್ಲ ರೋನಾ, ಏಳಲ್ಲ’ ಎಂದು ಅಳತೊಡಗಿದಳು. ನೀನು ಕಲಿಸಿದಂತೆ ಹಿಮಗೊಡಲಿಯಿಂದ ಮೆಟ್ಟಿಲು ಕಡಿದೆ. ಇಪ್ಪತ್ತಮೂರು ಮೆಟ್ಟಿಲು. ಒಂದೊಂದಕ್ಕೂ ಅವಳ ಪಾದ ಹಿಡಿದು ಇಡಿಸಿದೆ. ನಡುವೆ ಗಡಿಯಾರ ನೋಡಿದಾಗ ಮೂರು ದಾಟಿತ್ತು. ನಾನು ಸ್ಲೇಟಿನ ಮೇಲೆ ಬರೆದ ಹೊತ್ತು ಮೂರು. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಕೆಳಗೆ ಬಂದಾಗ ನನಗೆ ಹೆಮ್ಮೆಯಾಗಿತ್ತು ಅಜ್ಜ. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾಲ್ಕೂವರೆಗೆ ಮನೆಗೆ ಬಂದರೆ ಕೆಟಲು ತಣ್ಣಗಿತ್ತು. ನಿನ್ನ ಬೂಟಿಲ್ಲ, ಕೋಲಿಲ್ಲ, ಟಾರ್ಚಿಲ್ಲ. ಟೆಸ್ಸಾ ಹೊಸಿಲ ಮೇಲೆ ಕುಸಿದು ಬೂಟಿನ ದಾರ ಬಿಚ್ಚುತ್ತಿದ್ದಳು. ನಾನು ಒಂದು ನಿಮಿಷ ಸ್ಲೇಟಿನ ಮುಂದೆ ನಿಂತಿದ್ದೆ. ಆಮೇಲೆ ಮರ್ಡೋ ಮಾವನ ಮನೆಗೆ ಓಡಿದೆ.

ಅವನು ಬಂದು ಸ್ಲೇಟು ಓದಿದ. ‘ಕುದುರೆ ಬೆನ್ನು ಅಂತ ಬರೆದಿದೀಯಲ್ಲ. ಮುದುಕ ಅಲ್ಲಿಗೆ ಹೋಗಿದ್ರೆ ನಿಮಗೇ ಎದುರು ಸಿಗ್ತಿದ್ದ. ಹಾಗಾದ್ರೆ ತೊರೆ ಕಡೆ. ಏನು ಓದ್ಕೊಂಡು ಹೋದನೋ!’ ಐದೂವರೆಗೆ ನೀನು ತೊರೆ ದಾಟುವ ಕಲ್ಲುಗಳ ಹತ್ತಿರ ಸಿಕ್ಕಿದೆ. ಒಂದೂವರೆ ಗಂಟೆ ಹಿಮದ ಮೇಲೆ, ಕಾಲು ಅಡಿಗೆ ಮಡಚಿಕೊಂಡು. ಆದರೂ ನನ್ನನ್ನು ಕಂಡು, ‘ಬಂದ್ಯಾ ಮಗಳೇ, ಪೂರ್ತಿ ಇದೀಯಾ?’ ಎಂದೆ.

ಸ್ಟ್ರೆಚರಿನ ಮೇಲೆ ದಾರಿಯುದ್ದ ನೀನು, ‘ತೊರೆ ದಾರಿ ಅಂತಲೇ ಓದಿದೆ ಮರ್ಡೋ’ ಎನ್ನುತ್ತಿದ್ದೆ. ಆಂಬುಲೆನ್ಸಿಗೆ ಏರಿಸುವ ಮೊದಲು ಸ್ಲೇಟು ತರಲು ಹೇಳಿದೆ. ಮರ್ಡೋ ಮಾವ ಟಾರ್ಚು ಹಿಡಿದ. ನೀನು ನೋಡಿದೆ, ಕಣ್ಣುಜ್ಜಿ ಮತ್ತೆ ನೋಡಿದೆ. ಆಮೇಲೆ ಅದನ್ನು ಅವನ ಕೈಗೇ ವಾಪಸು ಕೊಟ್ಟೆ. ಅವನು ನನ್ನ ಹೆಗಲು ತಟ್ಟಿ, ‘ಹೇಳಿದ ಮಾತು ಕೇಳಲಿಲ್ಲ ನೀನು, ನಿಜ. ಆದರೂ ಅರ್ಧ ಇಂಗ್ಲಿಷ್ ಹುಡುಗಿ ಸ್ಲೇಟಿಗೆ ಸುಳ್ಳು ಬರೀಲಿಲ್ಲ’ ಎಂದ.

ಔಷಧಿ ಹೊತ್ತುಹೊತ್ತಿಗೆ ತಗೋ. ಕಲ್ಲಿದ್ದಲು ಹೊರಲು ಮರ್ಡೋ ಮಾವನನ್ನು ಕರೆ, ಬಿಗುಮಾನ ಬೇಡ. ಕೋಳಿಗಳು ಚೆನ್ನಾಗಿರಲಿ, ಗಂಜಿಗೆ ಉಪ್ಪು ಹದವಾಗಿರಲಿ, ಮಾರ್ಚಿಗೆ ನೀನು ಕೋಲಿಲ್ಲದೆ ಗೇಟಿನವರೆಗೆ ನಡೆಯುವಂತಾಗಲಿ. ನನ್ನನ್ನು ಹರಸು ಎಂದು ಕೇಳಲು ಈ ಸಲ ಬಾಯಿಲ್ಲ.

ನಿನ್ನ,
ರೋನಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಆ ಬೆಳಿಗ್ಗೆ ನಾನು ಬರೆದದ್ದು ‘ತೊರೆ ದಾರಿ’ ಎಂದು. ಕುದುರೆ ಬೆನ್ನು ಎಂದು ಬರೆದಿದ್ದರೆ ನೀನು ಓಡಿಬಂದು ತಡೆಯುತ್ತಿದ್ದೆ. ಸುಲಭದ ದಾರಿ ಎಂದೇ ನೀನು ತಂಡವನ್ನು ಕರೆಯದೆ ಒಬ್ಬನೇ ಹೊರಟೆ. ಸಂಜೆ ಆ ಖಾಲಿ ಮನೆಯಲ್ಲಿ ನನಗೆ ಮೊದಲು ಹೊಳೆದದ್ದು ನೀನು ಎಲ್ಲಿರಬಹುದು ಎಂದಲ್ಲ, ನಾನು ಸಿಕ್ಕಿಬೀಳುತ್ತೇನೆ ಎಂದು. ಒದ್ದೆ ಕೈಗವಸಿನಿಂದ ಆ ಎರಡು ಪದ ಒರೆಸಿ, ಮೇಲೆ ‘ಕುದುರೆ ಬೆನ್ನು’ ಎಂದು ಬರೆದು, ಆಮೇಲೆ ಓಡಿದೆ. ಕೈಗವಸಿಗೆ ಬಳಪದ ಬಿಳುಪು ಇನ್ನೂ ಅಂಟಿದೆ, ಒಗೆದಿಲ್ಲ. ಮರ್ಡೋ ಮಾವನಿಗೂ ಇದನ್ನೇ ಬರೆದು ಇದರ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ಭಾನುವಾರಕ್ಕೆ ಮೊದಲೇ ಇಬ್ಬರಿಗೂ ತಲುಪುತ್ತದೆ. ನನ್ನನ್ನು ಮತ್ತೆ ಮನೆಗೆ ಸೇರಿಸದಿದ್ದರೂ ಸರಿ, ಆ ಕೀಲಿ ಮಾತ್ರ ಕೊಡಬೇಡ. ನೀನು ತಪ್ಪು ಓದಲಿಲ್ಲ ಅಜ್ಜ. ಅಲ್ಲಿ ತೊರೆ ದಾರಿ ಎಂದೇ ಇತ್ತು.