ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ದಾರ್ಸೈಟ್, ಮಸ್ಕತ್
ಶನಿವಾರ

ಪೂಜ್ಯ ಮಾವನವರಿಗೆ ಪ್ರತಿಮಾಳ ನಮಸ್ಕಾರಗಳು.

ಕಳೆದ ರಜೆಯಲ್ಲಿ ನೀವು ಬಟ್ಟೆ ಒಣಹಾಕುವ ಹಗ್ಗಕ್ಕೆ, ಹಿಂದೆ ಕಡಲಲ್ಲಿ ನಡೆಸುತ್ತಿದ್ದ ಹಾಯಿಮಂಜಿಯ ಗಂಟು ಹಾಕಿದ್ದಿರಿ. ಅತ್ತೆ ತುದಿ ಎಳೆದದ್ದೇ, ಒಗೆದ ಬಟ್ಟೆಯೆಲ್ಲ ಅಂಗಳದ ಮಣ್ಣಿಗೆ ಬಿತ್ತು. ಇಂಥ ಗಂಟು ಯಾವ ಕೆಲಸಕ್ಕೆ ಎಂದು ಅಂದು ನಾನಾಡಿದ ಮಾತಿಗೆ ಈಗ ಯಾವ ಮುಖದಲ್ಲಿ ಫೋನು ಮಾಡಲಿ? ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಇವರ ಆಫೀಸಿನ ಸಲೀಂ ನಮ್ಮನ್ನು ತಮ್ಮ ಹಾಯಿದೋಣಿಯಲ್ಲಿ ಕರೆದೊಯ್ದರು. ಚುಕ್ಕಾಣಿ ಅವರ ಕೈಯಲ್ಲಿತ್ತು. ಹಿಡಿದುಕೊಳ್ಳಿ ಎಂದು ಹಾಯಿಯ ಹಗ್ಗವನ್ನು ನಿಮ್ಮ ಮಗನಿಗೆ ಕೊಟ್ಟರೆ, ಇವರು ಅದನ್ನು ಅಡ್ಡಹಲಗೆಗೆ ಬಿಗಿದು ಕಟ್ಟಿ ಫೋಟೋ ತೆಗೆಯಲು ಹೋದರು. ಹಾಯಿಯ ಹಗ್ಗವನ್ನು ಹೀಗೆ ಬಿಗಿದು ಕಟ್ಟುತ್ತಾರೆಯೇ ಎಂಬ ನಿಮ್ಮ ಬೈಗುಳ ನನಗೆ ಕೇಳಿಸಿದಂತಾಯಿತು. ಸದ್ದಿಲ್ಲದೆ ಅದನ್ನು ಬಿಚ್ಚಿ, ನಿಮ್ಮ ಹಾಗೆ ಕಟ್ಟಿದೆ.

ಸ್ವಲ್ಪ ಹೊತ್ತಿಗೆ ಗಾಳಿ ಒಮ್ಮೆಲೇ ಬಿರುಸಾಗಿ ದೋಣಿ ಮಗ್ಗುಲಿಗೆ ವಾಲಿತು, ನೀರು ಒಳಗೆ ನುಗ್ಗಿತು. “ಯಲ್ಲಾ, ಛೋಡೋ” ಎಂದು, ಬೇಗ ಹಗ್ಗ ಬಿಡಲು ಸಲೀಂ ಕೂಗಿದರು. ನಾನು ತುದಿ ಎಳೆದೆ. ಹಾಯಿ ಸಡಿಲಾಗಿ ದೋಣಿ ನೆಟ್ಟಗಾಯಿತು.

ಎಲ್ಲರೂ ಕ್ಷೇಮ. ಮಂಜಿ ನಡೆಸಿದ ತಂಡೇಲರ ಮಗನಾಗಿ ತಮ್ಮ ಕೈಯಾರೆ ಕಟ್ಟಿದ ಗಂಟು ಬಿಚ್ಚಿಹೋಯಿತಲ್ಲ ಎಂದು, ನಾನು ಅದನ್ನು ಬದಲಿಸಿದ್ದು ಕಾಣದ ಇವರಿಗೆ ಮಾತ್ರ ನಾಚಿಕೆ. ನಾನು ಏನೂ ಹೇಳಿಲ್ಲ; ನೀವೂ ಹೇಳಬೇಡಿ.

ಅಂಗಳದ ಹಗ್ಗಕ್ಕೆ ನಿಮ್ಮ ಗಂಟನ್ನೇ ಹಾಕಿಡಿ. ಬಿದ್ದ ಬಟ್ಟೆಯನ್ನು ಮತ್ತೆ ಒಗೆಯಬಹುದು.

ನಿಮ್ಮ ಸೊಸೆ,
ಪ್ರತಿಮಾ