ನಾಲ್ಕರಲ್ಲಿ ಒಂದು ಕೋವಿ

ಮಾರ್ಚ್ 2, ಶನಿವಾರ. ಬೆಳಿಗ್ಗೆ 7.10

ವಾಕಿಂಗ್ ಆಯಿತು. ಬಿಪಿ ಮಾತ್ರೆ ಆಯಿತು. ಇಡ್ಲಿ ಒಲೆಯ ಮೇಲಿದೆ, ಹತ್ತು ನಿಮಿಷ ಸಿಕ್ಕಿತು.

ನಿನ್ನೆ ಲೈಸೆನ್ಸ್ ಬಂತು. ಏಳು ತಿಂಗಳು ಕಾದೆ. ಗುಂಡು ಹಾರದಂತೆ ಮಾಡಿದ ಹಳೆಯ ಮಿಲಿಟರಿ ಕೋವಿಯೊಂದನ್ನು ಬೀಗದ ಬೀರುವಿನಲ್ಲಿ ಇಟ್ಟುಕೊಳ್ಳಬಹುದು. ಒಂದೇ ಒಂದು. ಮೂವತ್ತು ವರ್ಷ ಲ್ಯಾಬಿನಲ್ಲಿ ಕೂತು ಮುರಿದ ಉಕ್ಕು ಯಾಕೆ ಮುರಿಯಿತು ಎಂದು ನೋಡಿದವಳು ನಾನು. ನೂರು ವರ್ಷ ಮುರಿಯದೆ ಉಳಿದದ್ದು ಒಂದಾದರೂ ಮನೆಯಲ್ಲಿರಲಿ.

ಪಟ್ಟಾಭಿ ಪೇಪರ್ ಮಡಿಸಿ, “ಬೇರೆಯವ್ರು ರಿಟೈರ್ ಆದ್ಮೇಲೆ ವೀಣೆ ಕಲೀತಾರೆ ಕಣೇ” ಎಂದರು.

“ವೀಣೆಗೆ ಲೈಸೆನ್ಸ್ ಬೇಡ. ಅದರಲ್ಲೇನು ಮಜಾ?”

ಷರತ್ತು ಹಾಕಿದರು. ದೇವರ ಗೂಡಿರುವ ಗೋಡೆಗೆ ಬೀರು ತಾಗಬಾರದಂತೆ. ತಾವು ಆ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಮದುವೆಯಾಗಿ ಮೂವತ್ತಾರು ವರ್ಷ, ಇಷ್ಟು ಸುಲಭಕ್ಕೆ ಒಪ್ಪಿದ್ದು ಇದೇ ಮೊದಲು. ಇಡ್ಲಿ...

ಸಂಜೆ 5

ಮನೆಯಿರುವ ಹೌಗಾಂಗ್‌ನಿಂದ ಕಾರ್ಖಾನೆಗಳಿರುವ ಕಲ್ಲಾಂಗ್‌ಗೆ ಹೋಗಿ ಬಂದೆ. ಕೈ ಇನ್ನೂ ಬೆಚ್ಚಗಿದೆ.

ಕೊರಗಪ್ಪನವರ ವರ್ಕ್‌ಶಾಪ್, ಮೂರನೇ ಮಹಡಿ, ಪಕ್ಕದಲ್ಲಿ ಬಿಸ್ಕತ್ತು ಪ್ಯಾಕಿಂಗ್. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಉಡುಪಿ ಕಡೆಯವರು, ಶಿಪ್‌ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಲೀಸ್ ಮುಗಿಯುತ್ತಿದೆ. ಅವರ ಹಳೆಯ ಕೋವಿಗಳ ಸಂಗ್ರಹವೆಲ್ಲ ಇಪ್ಪತ್ತೆರಡನೇ ತಾರೀಕಿಗೆ ಹೊರದೇಶದ ಒಬ್ಬ ಬೈಯರ್‌ಗೆ ಹೋಗುತ್ತದೆ. ಅದಕ್ಕೆ ಮೊದಲು ನನಗೆ ಒಂದು.

ಬೆಂಚಿನ ಮೇಲೆ ನಾಲ್ಕು. ಜರ್ಮನ್ ಲೂಗರ್ ಪಿಸ್ತೂಲು, ವಾಚಿನಷ್ಟು ನಾಜೂಕು. ಜಪಾನಿನ ಅರಿಸಾಕಾ, ನೆತ್ತಿಯ ಮೇಲೆ ಚಕ್ರವರ್ತಿಯ ಸೇವಂತಿಗೆ ಮುದ್ರೆ ಹಾಗೇ ಉಳಿದಿದೆ. ಜಪಾನ್ ಯುದ್ಧ ಸೋತ ಮೇಲೆ ಹೆಚ್ಚಿನವುಗಳಲ್ಲಿ ಉಜ್ಜಿ ಅಳಿಸಿದ್ದರು. ಕೊನೆಗೊಂದು ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್, ಯಾವುದೋ ಶಾಲೆಯ ಡ್ರಿಲ್‌ಗೆ ಬಳಸಿದ್ದು, ಅಡುಗೆಮನೆ ಒನಕೆಯ ಹಾಗೆ ಕಪ್ಪು. ನಡುವೆ ಮಾರ್ಟಿನಿ-ಹೆನ್ರಿ. 1879. ಕಿರೀಟದ ಮುದ್ರೆ, ಬ್ರಿಟಿಷ್ ರಾಣಿಯ ಅಕ್ಷರಗಳು, ಎಲ್ಲ ಸ್ಪಷ್ಟ. ಕೆಳಗಿನ ಹಿಡಿ ಎಳೆದರೆ ಕ್ಳಕ್ ಎಂದು ಬಾಯಿ ತೆರೆಯುತ್ತದೆ. ಆ ಸದ್ದಿಗೇ ಸೋತೆ.

“ಇದು ಸುಂದರಿ ಕೊಡಿಸಿದ್ದು” ಎಂದರು. ಸುಂದರಿ ಅವರ ಹೆಂಡತಿ, ತೀರಿಕೊಂಡು ಆರು ವರ್ಷ. “ನೈಂಟಿ ತ್ರೀಯಲ್ಲಿ. ನಂಗೆ ಬಳೆ ಬೇಡ, ನೀವು ಇದು ತಗೊಳ್ಳಿ ಅಂದ್ಲು. ಬೈಯರ್‌ಗೂ ಇದರ ಮೇಲೇ ಕಣ್ಣು.”

“ನೀವಾಗಿದ್ರೆ ಯಾವುದು ತಗೋತಿದ್ರಿ?”

“ನಾನು ಹೇಳೂದಿಲ್ಲ ಮೇಡಂ. ಮೊದಲನೇದು ನೀವೇ ಆರಿಸ್ಬೇಕು. ಕಂಡೀಶನ್ ನೋಡಿ, ಅಪರೂಪವಾ ನೋಡಿ, ಕತೆ ಉಂಟಾ ನೋಡಿ. ಮೂರರಲ್ಲಿ ಎರಡು ಸಿಕ್ಕಿದ್ರೆ ಪುಣ್ಯ.”

ಮಾರ್ಚ್ 5, ಮಂಗಳವಾರ

ಮಾರ್ಟಿನಿ. ಮಾರ್ಟಿನಿಯೇ. ಕಂಡೀಶನ್ ಉಂಟು, ಕತೆ ಉಂಟು. (ನನಗೂ ‘ಉಂಟು’ ಅಂಟಿತು.) NTUC ಅಂಗಡಿಯ ಕ್ಯೂನಲ್ಲಿ ನಿಂತು ಬಲಗೈಯಿಂದ ಗಾಳಿಯಲ್ಲೇ ಕೋವಿಯ ಹಿಡಿ ಎಳೆಯುತ್ತಿದ್ದೆ. ಹಿಂದಿನ ಆಂಟಿ ಒಂದು ಹೆಜ್ಜೆ ಹಿಂದೆ ಸರಿದರು.

ಮಾರ್ಚ್ 9, ಶನಿವಾರ. ಮಧ್ಯಾಹ್ನ

ವರ್ಕ್‌ಶಾಪಿಗೆ ಲೂಪ್, ಲ್ಯಾಬಿನಲ್ಲಿ ಕಣ್ಣಿಗೆ ಹಿಡಿಯುತ್ತಿದ್ದ ಆ ಪುಟ್ಟ ಭೂತಗನ್ನಡಿ, ತೆಗೆದುಕೊಂಡು ಹೋಗಬಾರದಿತ್ತು.

ಉಕ್ಕಿನ ಮೇಲೆ ಅಚ್ಚು ಹೊಡೆದರೆ ಲೋಹ ಅಂಚಿಗೆ ಉಬ್ಬುತ್ತದೆ. ಮಾರ್ಟಿನಿಯ ಕಿರೀಟದ ಅಂಚು ಚಪ್ಪಟೆ. ತಳದಲ್ಲಿ ಸಣ್ಣ ಸಣ್ಣ ಅಲೆ—ಮೆಷಿನ್ ಕಟರ್ ನಡೆದ ಹೆಜ್ಜೆ. ಹೊಡೆದ ಅಚ್ಚಲ್ಲ, ಕೊರೆದದ್ದು. 1879ರದ್ದಲ್ಲ. ಯಾವುದೋ ಬಿಡಿ ಭಾಗಗಳನ್ನು ಸೇರಿಸಿ ಮುದ್ರೆ ಹಾಕಿದ್ದಾರೆ.

ಕೊರಗಪ್ಪ ಪಕ್ಕದಲ್ಲೇ ಕಾಫಿ ಬೆರೆಸುತ್ತಿದ್ದರು. ಏನೂ ಹೇಳದೆ ಬಂದೆ. ಕಾಫಿಯನ್ನೂ ಅರ್ಧ ಬಿಟ್ಟೆ.

ಮಾರ್ಚ್ 10, ಭಾನುವಾರ

ಬೆಳಿಗ್ಗೆ ಪಟ್ಟಾಭಿಗೆ ಹೇಳಿದೆ. ನಲವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ಪರೀಕ್ಷೆ ಮಾಡಿದ ಮನುಷ್ಯ. “ಕಂಡ ಮೇಲೆ ಸುಮ್ಮನಿದ್ರೆ ನೀನೂ ಸಹಿ ಹಾಕಿದ ಹಾಗೆ” ಎಂದರು.

ಹೋದೆ. ಲೂಪ್ ಕೊರಗಪ್ಪನವರ ಕೈಗೇ ಕೊಟ್ಟೆ. ಅಂಚು ತೋರಿಸಿದೆ. ಬಹಳ ಹೊತ್ತು ನೋಡಿದರು. ಫಿಟ್ಟರ್ ಕಣ್ಣು, ವಿವರಿಸಬೇಕಾಗಲಿಲ್ಲ.

“ಮೂವತ್ತು ವರ್ಷ ಎಣ್ಣೆ ಹಾಕಿದ್ದೇನೆ ಮಾರಾಯ್ರೆ” ಎಂದರು.

“ಸಾರಿ” ಎಂದೆ.

“ಇವತ್ತು ಶಾಪ್ ಬೇಗ ಕ್ಲೋಸ್ ಮಾಡ್ತೇನೆ.”

ಮಾರ್ಚ್ 17, ಭಾನುವಾರ. ಸಂಜೆ

ಒಂದು ವಾರ ಫೋನ್ ಇಲ್ಲ. ನಾನೂ ಮಾಡಲಿಲ್ಲ. ಕೋವಿಯೇ ಬೇಡ ಎನ್ನಿಸಿತ್ತು. ಇವತ್ತು ಬೆಳಿಗ್ಗೆ ಕೊರಗಪ್ಪನವರೇ ಕರೆದರು. “ಲೂಪ್ ಉಂಟಲ್ಲ? ತನ್ನಿ. ಎಲ್ಲವನ್ನೂ ಬಿಚ್ಚಿ ನೋಡುವ.”

ಬೈಯರ್‌ಗೆ ತಾವೇ ಫೋನ್ ಮಾಡಿ ಹೇಳಿದರಂತೆ. ಮಾರ್ಟಿನಿ ಮಾರುವುದಿಲ್ಲವಂತೆ. “ಮುದ್ರೆ ಸುಳ್ಳು. ಸುಂದರಿ ಕೊಡಿಸಿದ್ದು ಸುಳ್ಳಲ್ವಲ್ಲ. ಅದು ನನ್ನ ಜೊತೆ ಮನೆಗೆ.”

ಲೂಗರ್ ಸರಿ. ಅರಿಸಾಕಾ ಸರಿ. ಕೊನೆಗೆ ಲೀ-ಎನ್‌ಫೀಲ್ಡ್. ಹಿಂಬದಿಗೆ, ಭುಜಕ್ಕೆ ಒರಗುವ ಕಡೆ, ಹಿತ್ತಾಳೆಯ ತಟ್ಟೆ. ಎರಡು ತಿರುಪು ತುಕ್ಕು ಹಿಡಿದು ಕೂತಿವೆ. ಡ್ರಿಲ್ ಕೋವಿಯಲ್ವಾ ಎಂದು ಇಷ್ಟು ವರ್ಷ ಬಿಚ್ಚಿಯೇ ಇಲ್ಲ. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆವು. ತಟ್ಟೆ ಬಂತು. ಒಳಮೈ ಕಿಲುಬಿನಿಂದ ಹಸಿರು. ಕಿಟಕಿಗೆ ಓರೆಯಾಗಿ ಹಿಡಿದರು.

“ಮೇಡಂ. ಇದು ನಮ್ಮ ಅಕ್ಷರ.”

ಮೊಳೆಯ ತುದಿಯಲ್ಲಿ ಗೀಚಿದ್ದು. ಕೆಂಚಯ್ಯ. ಕೆಳಗೆ ೪೧.

ಎರಡನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಒಂದು ಪಡೆ ಈ ದ್ವೀಪ ದೇಶದಲ್ಲೇ ಇತ್ತು. ನಲವತ್ತೆರಡರ ಫೆಬ್ರವರಿಯಲ್ಲಿ ಜಪಾನಿಯರಿಗೆ ಸೆರೆಸಿಕ್ಕಿತು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಮರೆತಿದ್ದೆ. ಈಗ ನೆನಪಾಯಿತು. ಇದೇ ನನ್ನದು ಎಂದುಬಿಟ್ಟೆ.

ಕೊರಗಪ್ಪ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. “ನನ್ನದನ್ನು ನೋಡಿದ ಹಾಗೇ ಇದನ್ನೂ ನೋಡಿ. ಆಮೇಲೆ ಹೇಳಿ.”

ಮಾರ್ಚ್ 18, ಸೋಮವಾರ. ಮಧ್ಯಾಹ್ನ 3

ಹಳೆಯ ಲ್ಯಾಬ್. ನನ್ನ ಹಳೆಯ ಮೈಕ್ರೋಸ್ಕೋಪ್. ಫೋಕಸ್ ಮಾಡಲು ಮೂರು ಸಲ ಬೇಕಾಯಿತು. ನಿಜವಾಗಿರಲಿ ಎಂದು ಇಷ್ಟು ಆಸೆಪಟ್ಟು ಯಾವ ಸ್ಯಾಂಪಲ್ಲನ್ನೂ ನೋಡಿದವಳಲ್ಲ.

ಹೊಸ ಗೀರಾದರೆ ಹಿತ್ತಾಳೆ ಹಳದಿ ಹೊಳೆಯಬೇಕು. ಹೊಳೆಯಲಿಲ್ಲ, ತಳದವರೆಗೂ ಹಸಿರು. ಅದೂ ಸಾಲದು, ಹಸಿರನ್ನು ಕೆಮಿಕಲ್‌ನಿಂದ ಬರಿಸಬಹುದು. ಆಮೇಲೆ ಕಂಡಿತು. ತಟ್ಟೆಗೆ ಒತ್ತಿ ಕೂತ ಮರದ ಎಳೆಗಳು ಆ ಹಸಿರಿನಲ್ಲಿ ಅಚ್ಚಾಗಿವೆ. ಎಳೆಗಳು ಅಕ್ಷರಗಳ ಬಳಿ ನಿಲ್ಲುವುದಿಲ್ಲ, ಅವುಗಳ ಮೇಲೆ ಹಾದು ಹೋಗುತ್ತವೆ. ಅಂದರೆ ಮೊದಲು ಅಕ್ಷರ. ಆಮೇಲೆ ಹತ್ತಾರು ವರ್ಷ ಮರ.

೪೧ ಇಸವಿಯೋ, ಕೋವಿಯ ನಂಬರೋ ಗೊತ್ತಿಲ್ಲ. ಕೆಂಚಯ್ಯ ಆ ಪಡೆಯವನೇ ಎಂಬುದಕ್ಕೂ ಪುರಾವೆ ಇಲ್ಲ. ಇಷ್ಟು ಗೊತ್ತು: ಬಹಳ ಹಿಂದೆ ಒಬ್ಬ ಈ ಕೋವಿ ಬಿಚ್ಚಿ, ಯಾರಿಗೂ ಕಾಣದ ಕಡೆ, ಕನ್ನಡದಲ್ಲಿ ಹೆಸರು ಬರೆದ.

ಕಾರಿಡಾರಿನಿಂದಲೇ ಕೊರಗಪ್ಪನವರಿಗೆ ಫೋನ್ ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, “ನಾನು ಆಗಲೇ ಅದಕ್ಕೆ ನಿಮ್ಮ ಹೆಸರಿನ ಚೀಟಿ ಕಟ್ಟಿ ಆಯ್ತು” ಎಂದರು.

ಮಾರ್ಚ್ 22, ಶುಕ್ರವಾರ

ಕೋವಿ ನನ್ನ ಹೆಸರಿಗೆ ಟ್ರಾನ್ಸ್‌ಫರ್ ಆಯಿತು. ಲೈಸೆನ್ಸ್ ಕೌಂಟರಿನ ಆಫೀಸರ್ ಚಿಕ್ಕ ಹುಡುಗಿ. ಫಾರ್ಮಿನಲ್ಲಿ ಗುರುತಿನ ಚಿಹ್ನೆ ಬರೆಯುವ ಜಾಗ. ‘ಕೆಂಚಯ್ಯ ೪೧’ ಎಂದು ಕನ್ನಡದಲ್ಲೇ ಬರೆದೆ.

“ಆಂಟಿ, ದಿಸ್ ವನ್ ವಾಟ್ ಲ್ಯಾಂಗ್ವೇಜ್ ಆಹ್?”

ಹೇಳಿದೆ. ಸ್ಪೆಲಿಂಗ್ ಕೇಳಿ ಟೈಪ್ ಮಾಡಿಕೊಂಡಳು. ಅಕ್ಷರಗಳನ್ನು ತಾನೂ ಒಂದು ಚೀಟಿಯ ಮೇಲೆ ಮೆಲ್ಲಗೆ ನಕಲು ಮಾಡಿ ನೋಡಿದಳು.

ಬೀರು ಹಾಲ್‌ನಲ್ಲಿ, ದೇವರ ಗೋಡೆಗೆ ಎದುರು. ಬೀಗ ಎರಡು ಸಲ ಎಳೆದು ನೋಡಿದೆ. ಮೂರು ಸಲ.

ಮಾರ್ಚ್ 23, ಶನಿವಾರ. ಬೆಳಿಗ್ಗೆ 8

ಕಾಫಿ ಹಿಡಿದು ಬಂದರೆ ಪಟ್ಟಾಭಿ ಬೀರುವಿನ ಗಾಜಿನ ಮುಂದೆ ನಿಂತಿದ್ದಾರೆ. ನಾನು ಅಂಟಿಸಿದ್ದ ತಟ್ಟೆಯ ಫೋಟೋಗೆ ಮೂಗು ತಾಗುವಷ್ಟು ಹತ್ತಿರ. ಕನ್ನಡಕ ಹಣೆಗೆ ಏರಿಸಿದ್ದಾರೆ. ಜೋರಾಗಿ ಓದಿದರು, ಎದುರಿಗಿದ್ದವನನ್ನು ಕರೆಯುವ ಹಾಗೆ. ಕೆಂಚಯ್ಯ.

ಆಮೇಲೆ ನನ್ನತ್ತ ತಿರುಗಿ, “ಇವನು ಮನೆಗೆ ಹೋದನೇನೇ?” ಎಂದರು.

ಗೊತ್ತಿಲ್ಲ ಎಂದೆ. ಯುದ್ಧದಲ್ಲಿ ಇಲ್ಲಿ ತೀರಿಕೊಂಡವರ ಹೆಸರಿನ ಪಟ್ಟಿಗಳಿವೆ, ಊರಿಗೆ ಮರಳಿದವರದ್ದು ಮೈಸೂರಿನಲ್ಲಿ ಹುಡುಕಬೇಕು, ನಿಧಾನಕ್ಕೆ ನೋಡೋಣ ಎಂದೆ.

ನಿಧಾನವೆಲ್ಲಿ ಬಂತು. ಕಾಫಿ ಮುಟ್ಟಿಲ್ಲ. ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ, ಇಂಗ್ಲಿಷಿನಲ್ಲಿ ಆ ಹೆಸರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಬರೆದುಕೊಂಡಿದ್ದಾರೆ. ತೀರಿಕೊಂಡವರ ಪಟ್ಟಿಯಲ್ಲಿ ಐದು ಥರಕ್ಕೂ ಇಲ್ಲ, ಇಲ್ಲ ಎನ್ನುತ್ತಿದ್ದಾರೆ. ಪ್ರತಿ ಸಲವೂ ದನಿ ಒಂದಿಷ್ಟು ಏರುತ್ತಿದೆ. ಈಗ ಮೈಸೂರಿಗೇ ಫೋನ್ ಹಚ್ಚಿದ್ದಾರೆ, ಅಲ್ಲಿ ಇನ್ನೂ ಆರು ಗಂಟೆ ಆಗಿಲ್ಲ ಎಂದರೂ ಕೇಳದೆ... ಯಾರೋ ಎತ್ತಿದರು. ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕರೆಯುತ್ತಿದ್ದಾರೆ, “ಅಲಮೇಲು, ಬಾ ಇಲ್ಲಿ, ಬರ್ಕೋ—”