ಮೆಂಬರಿಲ್ಲದ ಫ್ಯಾಮಿಲಿ

ಯಲಹಂಕ,
ಶುಕ್ರವಾರ, ೧೫-೨-೧೯೫೭

ನಮ್ಮ ಮನೆಯ ಮೇಷ್ಟ್ರಿಗೆ ನಿಮ್ಮ ಗೋದಾ ಮಾಡುವ ನಮಸ್ಕಾರಗಳು.

ಉಭಯ ಕುಶಲೋಪರಿ ಎಂದು ಶುರು ಮಾಡೋಣವೆಂದರೆ ಕೈ ಬರುವುದಿಲ್ಲ. ಈ ಕಡೆಯ ಕುಶಲವೇನೋ ನನಗೆ ಗೊತ್ತು, ಆ ಕಡೆಯದನ್ನು ನೀವು ಬಾಯಿಬಿಟ್ಟು ಹೇಳುವುದಿಲ್ಲ. ಸಂಜೆಯ ಜ್ವರ ಇಳಿಯಿತೇ? ಬೆವರಿ ಬೆವರಿ ದಿಂಬು ತೋಯುತ್ತದೆ ಎಂದಿದ್ದಿರಲ್ಲ, ಅದು ಕಡಿಮೆಯಾಯಿತೇ? ಅಲ್ಲಿ ಕೊಡುವ ಮೊಟ್ಟೆಯನ್ನು ಮೂಗು ಮುಚ್ಚಿಕೊಂಡಾದರೂ ನುಂಗುತ್ತಿದ್ದೀರೋ ಅಥವಾ ಪಕ್ಕದ ಮಂಚದವರಿಗೆ ದಾನ ಮಾಡುತ್ತಿದ್ದೀರೋ? ಅತ್ತೆಗೆ ನಾನು ಮೊಟ್ಟೆಯ ವಿಷಯ ಎತ್ತಿಲ್ಲ, ಬೆಳಗ್ಗೆ ಒಂದು ಔಷಧಿ ಕೊಡುತ್ತಾರೆ ಎಂದಷ್ಟೇ ಹೇಳಿದೆ. ಅವರು ‘ಆ ಔಷಧಿ ದುಂಡಗಿರತ್ತೇನೇ?’ ಎಂದು ಕೇಳಿ ಜಪಸರ ತಿರುಗಿಸುತ್ತಾ ಕೂತರು. ಅವರಿಗೆ ಎಲ್ಲವೂ ಗೊತ್ತು. ಮಗ ಬದುಕಿ ಬರುವುದಾದರೆ ಕೋಳಿಯನ್ನೇ ಮನೆಯಲ್ಲಿ ಸಾಕುವುದಕ್ಕೂ ಅವರು ಬೇಡವೆನ್ನಲಾರರು.

ಹೋದ ಸಲ ನಮ್ಮ ಗುಂಡಣ್ಣ ನಿಮ್ಮನ್ನು ನೋಡಿಕೊಂಡು ಬಂದವನು ಎಲ್ಲ ಹೇಳಿದ. ತಂಗಿಯ ಹತ್ತಿರ ಮುಚ್ಚಿಡುವುದಕ್ಕೆ ಅವನಿಗೆ ಬರುವುದಿಲ್ಲ. ಬಲಗಡೆಯ ಪಕ್ಕೆಲುಬುಗಳನ್ನು ತೆಗೆದು ಶ್ವಾಸಕೋಶವನ್ನು ಅಲ್ಲಿಗೇ ಅಮುಕಿಬಿಟ್ಟರೆ ರೋಗ ನಿಲ್ಲಬಹುದೆಂದು ದೊಡ್ಡ ಡಾಕ್ಟರು ಹೇಳುತ್ತಿದ್ದಾರೆ, ನೀವು ಒಪ್ಪುತ್ತಿಲ್ಲ. ಆಪರೇಷನ್ ಆದರೆ ಭುಜ ಕುಸಿಯುತ್ತದೆ, ಓಡುವ ಹಾಗಿಲ್ಲ, ಸೀಟಿ ಊದುವ ಹಾಗಿಲ್ಲ, ಆಮೇಲೆ ನಮ್ಮ ವ್ಯಾಯಾಮ ಸಂಘದ ಮೈದಾನದಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ನನಗೂ ಬರೆದಿದ್ದೀರಿ. ಸಂಘ ಚೆನ್ನಾಗಿ ನಡೆಯುತ್ತಿದ್ದರೆ ಈ ಎದೆಯನ್ನು ಹೀಗೇ ಇಟ್ಟುಕೊಂಡು ಬರುತ್ತೇನೆ, ಇದ್ದಷ್ಟು ದಿನ ಮೈದಾನದಲ್ಲಿ ಇರುತ್ತೇನೆ ಎಂದೂ ಸೇರಿಸಿದ್ದೀರಿ. ನೀನು ಒಂದು ಸಲ ಕಣ್ಣಾರೆ ನೋಡಿ ಹೇಗಿದೆಯೆಂದು ಬರಿ, ಅದನ್ನು ಓದಿ ಡಾಕ್ಟರಿಗೆ ಉತ್ತರ ಹೇಳುತ್ತೇನೆ ಎಂದಿದ್ದೀರಿ. ಒಳ್ಳೆಯ ಕೆಲಸ ಹಚ್ಚಿದಿರಿ. ಗಂಡನ ಪ್ರಾಣದ ತೀರ್ಮಾನವನ್ನು ಒಂದು ಮೈದಾನದ ಮೇಲೆ ಬಿಟ್ಟು, ಆ ಮೈದಾನವನ್ನು ನೋಡಿ ಬರುವ ಕೆಲಸವನ್ನು ಹೆಂಡತಿಗೆ ಬಿಡುವ ಬುದ್ಧಿ ಡ್ರಿಲ್ ಮೇಷ್ಟ್ರಿಗಲ್ಲದೆ ಇನ್ನಾರಿಗೆ ಬಂದೀತು? ಆಗಲಿ. ನೋಡಿ ಬಂದಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಕೋಪ ಮಾಡಿಕೊಳ್ಳದೆ ಓದಬೇಕು.

ಮೊದಲನೆಯದಾಗಿ, ಕಾರ್ಯದರ್ಶಿ ಅಶ್ವತ್ಥಪ್ಪನವರ ಕಾಗದಗಳನ್ನು ನಂಬಬೇಡಿ. ಹೆಡ್ ಮೇಷ್ಟ್ರಾಗಿ ಇನ್‌ಸ್ಪೆಕ್ಟರಿಗೆ ವರದಿ ಬರೆದು ಬರೆದು ಪಳಗಿದ ಕೈ ಅದು, ಸೋರುವ ಮಾಡನ್ನೂ ‘ಗಾಳಿ ಬೆಳಕು ಯಥೇಚ್ಛವಾಗಿದೆ’ ಎಂದು ಬರೆದೀತು. ನೀವು ಆಗಲೇ ನಡೆಸುತ್ತಿದ್ದ ಸಂಘಕ್ಕೆ, ನೀವು ಆಸ್ಪತ್ರೆ ಸೇರಿದ ಮೇಲೆ, ದಸರೆಯಲ್ಲಿ ಶಾಸ್ತ್ರಕ್ಕೊಂದು ಪ್ರಾರಂಭೋತ್ಸವ ಆಯಿತಲ್ಲ, ಅದು ಬಹಳ ವಿಜೃಂಭಣೆಯಿಂದ ನಡೆಯಿತು ಎಂದು ಬರೆದರು. ವಿಜೃಂಭಣೆ ಎಂಥದ್ದೆಂದು ನಾನು ಹೇಳುತ್ತೇನೆ. ‘ಯಲಹಂಕ ಫ್ಯಾಮಿಲಿ ವ್ಯಾಯಾಮ ಸಂಘ. ಪ್ರತಿಯೊಬ್ಬ ಮೆಂಬರೂ ತಮ್ಮ ಫ್ಯಾಮಿಲಿಯೊಂದಿಗೆ ಬಂದು ಆರೋಗ್ಯ ಪಡೆಯಬೇಕು’ ಎಂದು ಕರಪತ್ರಕ್ಕೆ ನೀವೇ ಬರೆದು ಕೊಟ್ಟಿದ್ದಿರಿ. ‘ಮನೆ ಮಂದಿ ಅಂತ ಹಾಕಿ’ ಎಂದು ನಾನು ಬಡಕೊಂಡೆ, ‘ಮದುವೆ ಕರೆಯೋಲೆ ಥರ ಇರತ್ತೆ ಕಣೇ, ಫ್ಯಾಮಿಲಿ ಅಂದ್ರೆ ಒಂದು ಗತ್ತು’ ಎಂದಿರಿ. ನಿಮ್ಮ ಗತ್ತು ಏನಾಯಿತು ಗೊತ್ತೇ? ನಮ್ಮೂರಿನಲ್ಲಿ ಫ್ಯಾಮಿಲಿ ಎಂದರೆ ಹೆಂಡತಿ. ಕುಟುಂಬ ಎಂದರೂ ಹೆಂಡತಿ, ಸಂಸಾರ ಎಂದರೂ ಹೆಂಡತಿ. ಹೆಂಡತಿಯನ್ನು ಹೆಂಡತಿ ಎನ್ನಲು ನಾಚುವ ಗಂಡಸರು ಇರುವ ಊರು ಇದು. ಅಟ್ಟೂರಿನಿಂದ, ಅಮೃತಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ಮೆಂಬರುಗಳೆಲ್ಲ ಮಕ್ಕಳನ್ನೂ ಮುದುಕರನ್ನೂ ಮನೆಯಲ್ಲಿ ಬಿಟ್ಟು ತಮ್ಮ ತಮ್ಮ ಹೆಂಡತಿಯನ್ನು ಮಾತ್ರ ಕರೆತಂದರು. ಅವರೋ ಧರ್ಮಾವರದ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು ಬಂದಿದ್ದರು. ಹುಡುಗರಿಗೆಂದು ನೀವು ನಿಂತು ಹಾಕಿಸಿದ ಉಯ್ಯಾಲೆಯನ್ನು ಅವತ್ತು ಗಾಳಿಯೇ ತೂಗಿತು.

ಜಾಗ ಬಿಟ್ಟುಕೊಟ್ಟ ಚಿಕ್ಕಬೈರಪ್ಪನವರು ಬಂದದ್ದಂತೂ ನೋಡುವ ಹಾಗಿತ್ತು. ಬಾಗಿಲಲ್ಲೇ ನಿಂತು ಅಶ್ವತ್ಥಪ್ಪನವರನ್ನು ಕರೆದು, ‘ಸ್ವಾಮೀ, ನಮ್ಗೆ ಎಲ್ಡು ಫ್ಯಾಮಿಲಿ ಅವೆ. ಒಂದ್ನೇ ಕರ್ಕಂಬಂದ್ರೆ ಇನ್ನೊಂದು ಅಟ್ಟಿ ಒಳಕ್ಕೆ ಬಿಡಾಕಿಲ್ಲ. ಇಂಗಾದ್ರೆ ರೂಲ್ಸು ಏನೇಳ್ತದೆ?’ ಎಂದು ಕೇಳಿದರು. ಹಿಂದೆ ಹಿರಿಯ ಹೆಂಡತಿ ಲಕ್ಷ್ಮಿದೇವಮ್ಮ ಒಂದು ಕಡೆ ಮುಖ ಮಾಡಿಕೊಂಡು, ಕಿರಿಯವಳು ಸೊಣ್ಣಮ್ಮ ಇನ್ನೊಂದು ಕಡೆ ಮುಖ ಮಾಡಿಕೊಂಡು ನಿಂತಿದ್ದರು. ಅಶ್ವತ್ಥಪ್ಪನವರು ಕನ್ನಡಕ ಒರೆಸಿಕೊಂಡು ಇಬ್ಬರನ್ನೂ ಒಳಗೆ ಬಿಟ್ಟರು. ಹೆಂಗಸರೆಲ್ಲ ಬೆಂಚಿನ ಮೇಲೆ ಬೀಗಿತ್ತಿಯರ ಹಾಗೆ ಬಿಗಿದುಕೊಂಡು ಕೂತರು. ರಿಂಗ್ ಟೆನಿಸ್ ಆಟದ ರಬ್ಬರ್ ಬಳೆಯನ್ನು ಕೈಗೆ ಕೊಟ್ಟರೆ ಅರಿಶಿನ ಕುಂಕುಮದ ಜೊತೆ ಕೊಡುವ ಬಾಗಿನವೆಂದು ಸೊಣ್ಣಮ್ಮ ಸೆರಗಿನಲ್ಲಿ ಕಟ್ಟಿಕೊಂಡಳು. ಗಂಡಸರು ಗದೆ ತಿರುಗಿಸಿದರು, ಕಲ್ಲುಗುಂಡು ಎತ್ತಿದರು. ‘ಇದ್ನ ನೋಡಾಕೆ ಇಷ್ಟು ದೂರ ಬರ್ಬೇಕಿತ್ತಾ? ಮನ್ಯಾಗೆ ದಿನಾ ಕುಣೀತಾರಲ್ಲ’ ಎಂದು ಲಕ್ಷ್ಮಿದೇವಮ್ಮ ನನ್ನ ಕಿವಿಯಲ್ಲಿ ಹೇಳಿದರು. ಕೋಸಂಬರಿ ಪಾನಕ ಆಯಿತು, ಗಾಡಿ ಹತ್ತಿದರು. ಅಂದು ಹೋದ ಹೆಂಗಸರು ಮತ್ತೆ ಆ ಕಡೆ ತಲೆ ಹಾಕಿಲ್ಲ. ನಾನು ಆಗಲೇ ನಿಮಗೆ ಬರೆಯಬೇಕಿತ್ತು, ಹೊಸದಾಗಿ ಹಾಸಿಗೆ ಹಿಡಿದವರಿಗೆ ಯಾಕೆ ಇದೆಲ್ಲ ಎಂದು ಸುಮ್ಮನಾದೆ.

ಈಗಿನ ಸ್ಥಿತಿಗೆ ಬರುತ್ತೇನೆ. ಈ ಭಾನುವಾರ ಸಂಜೆ ಮಗಳು ಪುಟ್ಟಲಕ್ಷ್ಮಿಯನ್ನು ಕರೆದುಕೊಂಡು ಹೋದೆ. ಮುಂದಿನ ಬಾಗಿಲಿನಿಂದ ಹೋಗುವ ಹಾಗಿಲ್ಲ; ಗರಡಿಯ ಕೆಮ್ಮಣ್ಣಿನ ಪಕ್ಕದಲ್ಲಿ ಆಂಜನೇಯ ಇದ್ದಾನೆ, ಹೆಂಗಸರು ಆ ಕಡೆ ಸುಳಿಯಬಾರದೆಂದು ಪೈಲ್ವಾನರು ತಕರಾರು ತೆಗೆದಿದ್ದಾರಂತೆ. ಕೆರೆ ಏರಿಯ ಮೇಲೆ ಸುತ್ತಿಕೊಂಡು, ಕಳ್ಳಿ ಬೇಲಿಯ ಸಂದಿಯಲ್ಲಿ ಸೀರೆ ಹರಿಯದ ಹಾಗೆ ನುಸುಳಿ ಹೋಗಬೇಕು. ಹೆಂಗಸರು ಆಡಲೆಂದು ಕಟ್ಟಿಸಿದ ತಟ್ಟಿಯ ಮರೆ ಒಂದು ಕಡೆ ಬಿದ್ದುಹೋಗಿದೆ, ಇನ್ನೊಂದು ಕಡೆಯದನ್ನು ಯಾರೋ ಒಲೆಗೆ ಹಾಕಿಕೊಂಡಿದ್ದಾರೆ. ರಿಂಗ್ ಟೆನಿಸ್ ಬಲೆ ಕಾಣಲಿಲ್ಲ. ಪಕ್ಕದ ತೋಟದಲ್ಲಿ ದ್ರಾಕ್ಷಿಗೆ ಹಕ್ಕಿ ಬಾರದ ಹಾಗೆ ಹೊದಿಸಿದ್ದರು, ನೀವು ಹಾಕಿದ ಗಂಟುಗಳಿಂದ ಗುರುತು ಹಿಡಿದೆ. ಕಸರತ್ತಿನ ಜೋಡಿ ಕಂಬಿಗೆ ಒಂದು ಎಮ್ಮೆ ಕಟ್ಟಿತ್ತು. ನಮ್ಮ ಸಂಘದಲ್ಲಿ ನೆಟ್ಟಗೆ ಮೈ ಕೈ ತುಂಬಿಕೊಂಡಿರುವ ಮೆಂಬರು ಅದೊಂದೇ. ಬಾಲ್ ಬ್ಯಾಡ್ಮಿಂಟನ್ ಅಂಕಣದಲ್ಲಿ ಪಿಳ್ಳಣ್ಣನ ಮನೆಯವರು ರಾಗಿ ಹುಲ್ಲು ಒಟ್ಟಿದ್ದಾರೆ. ಗರಡಿಯೊಳಗೆ ಉಸ್ತಾದ್ ಅಕ್ಬರ್ ಪಾಷಾ ಒಬ್ಬರೇ ಕೂತಿದ್ದರು. ಹುಡುಗರೆಲ್ಲ ಜಾಲಹಳ್ಳಿಯ ಕಾರ್ಖಾನೆಗಳಿಗೆ ಕೆಲಸಕ್ಕೆ ಸೇರಿದರಂತೆ, ಶಿಫ್ಟ್ ಮುಗಿಸಿ ಬಂದು ಮಲಗುತ್ತಾರಂತೆ. ‘ಮೇಷ್ಟ್ರು ಹ್ಯಾಂಗಿದಾರಮ್ಮಾ?’ ಎಂದು ದೂರದಿಂದಲೇ ಕೇಳಿದರು. ಚೆನ್ನಾಗಿದ್ದಾರೆ ಎಂದೆ. ‘ಅಲ್ಲಾ ದೊಡ್ಡೋನು’ ಎಂದರು.

ಉಯ್ಯಾಲೆ ಮಾತ್ರ ನೆಟ್ಟಗಿದೆ. ಹತ್ತಿರದ ಮನೆಗಳ ಮಕ್ಕಳು ಆಡುತ್ತಿದ್ದವು. ನಿಮ್ಮ ಮಗಳು ಲಂಗ ಎತ್ತಿಕಟ್ಟಿಕೊಂಡು ಓಡಿಹೋಗಿ ಹಗ್ಗ ಹಿಡಿದಳು. ಅಷ್ಟರಲ್ಲಿ ಒಬ್ಬ ಹೆಂಗಸು ತನ್ನ ಮಗುವನ್ನು ಹೆಸರು ಹಿಡಿದು ಕೂಗಿ ಕರೆದಳು. ಇನ್ನೊಬ್ಬಳೂ ಕರೆದಳು. ಒಂದು ನಿಮಿಷದಲ್ಲಿ ಪುಟ್ಟಲಕ್ಷ್ಮಿ ಒಬ್ಬಳೇ ಉಳಿದಳು. ಅವಳಿಗೆ ಏನೂ ತಿಳಿಯದು, ಉಯ್ಯಾಲೆ ಪೂರಾ ತನಗೇ ಸಿಕ್ಕಿತೆಂದು ಖುಷಿಯಿಂದ ಜೀಕುತ್ತಿದ್ದಳು. ಆಗ ಅಶ್ವತ್ಥಪ್ಪನವರು ಬಂದರು. ಹತ್ತಿರ ಬರಲಿಲ್ಲ, ಅಂಗವಸ್ತ್ರದ ತುದಿಯನ್ನು ಮೂಗಿಗೆ ಹಿಡಿದುಕೊಂಡು, ಧೂಳಿಗೆ ಹಿಡಿದವರ ಹಾಗೆ ನಟಿಸುತ್ತಾ ನಿಂತರು. ‘ತಪ್ಪು ತಿಳ್ಕೋಬೇಡಿ ತಾಯಿ. ಮೆಂಬರ್ ಜೊತೆ ಫ್ಯಾಮಿಲಿ ಬರಬಹುದು ಅಂತ ರೂಲ್ಸು. ಮೆಂಬರ್ ಇಲ್ದೆ ಬರೀ ಫ್ಯಾಮಿಲಿ ಬರೋ ಹಾಗಿಲ್ಲ. ಮೇಷ್ಟ್ರೇ ಬರೆದಿದ್ದು’ ಎಂದರು. ಮೆಂಬರು ಆಸ್ಪತ್ರೆಯಲ್ಲಿದ್ದರೆ ಏನು ಮಾಡಬೇಕು ಎಂದು ನಾನು ಕೇಳಿದೆ. ಅವರು ನೆಲ ನೋಡುತ್ತಾ, ‘ಅದಕ್ಕೇ ತಾಯಿ ಹೇಳ್ತಿರೋದು’ ಎಂದರು.

ಅವರಿಗೆ ನಾಲ್ಕು ಮಾತು ಅನ್ನಬೇಕಿತ್ತು. ನಿಮ್ಮ ಸ್ಕೂಲಿನ ಮಕ್ಕಳ ಕಫ ಒರೆಸಿ ಅಲ್ಲವೇ ನಮ್ಮವರಿಗೆ ಇದು ಹತ್ತಿದ್ದು, ನಿಮ್ಮ ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ಓಡುತ್ತಿದ್ದಾಗ ಮೂಗು ಮುಚ್ಚಿಕೊಂಡಿರಲಿಲ್ಲವಲ್ಲ ಎಂದು ಬಾಯಿ ತುದಿಗೆ ಬಂತು. ಆದರೆ ಆ ಹೆಂಗಸರೂ ತಾಯಂದಿರೇ. ನಾನು ಅವರ ಜಾಗದಲ್ಲಿದ್ದರೆ ನಮ್ಮ ಪುಟ್ಟಿಯನ್ನು ಹೆಸರು ಹಿಡಿದು ಕೂಗದೆ ಇರುತ್ತಿದ್ದೆನೇ? ಹಾಗೆ ಅನ್ನಿಸಿದ ಮೇಲೆ ಬಯ್ಯುವುದಕ್ಕೂ ಶಕ್ತಿ ಉಳಿಯಲಿಲ್ಲ. ಮಗಳನ್ನು ಇಳಿಸಿದೆ. ದಾರಿಯುದ್ದಕ್ಕೂ ‘ಅಪ್ಪ ಬಂದ್ಮೇಲೆ ಆಡ್ಬಹುದು ಅಲ್ವಾ?’ ಎಂದು ಕೇಳುತ್ತಲೇ ಬಂದಳು. ಹೂಂ ಎಂದೆ. ಮನೆಗೆ ಬಂದು ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತಾ ಅತ್ತೆಗೆ ಕೇಳದ ಹಾಗೆ ಅತ್ತೆ. ಅಕ್ಷರ ತಪ್ಪಿಲ್ಲ ಮೇಷ್ಟ್ರೇ, ಎರಡನೆಯ ಅತ್ತೆ ನಾನೇ ಅತ್ತದ್ದು.

ಅಷ್ಟೂ ಸಾಲದೆಂದು ಮೊನ್ನೆ ಸಂತೆಯಲ್ಲಿ ಚಿಕ್ಕಬೈರಪ್ಪನವರೇ ಸಿಕ್ಕಿದರು. ಆ ಮನುಷ್ಯ ಮುಖ ತಪ್ಪಿಸಲಿಲ್ಲ, ಅದಕ್ಕೆ ಅವರಿಗೆ ಕೈ ಮುಗಿಯಬೇಕು. ‘ಮೇಷ್ಟ್ರು ಬರೋಗಂಟ ನಿಂತ್ಕಳವಾ ಅಂದಿದ್ದೆ ಕಣಮ್ಮಾ. ಮಕ್ಳು ಕೇಳ್ತಾ ಇಲ್ಲ. ಜನ ಬರಾಕಿಲ್ಲ, ಅದ್ಯಾವ ಸಂಘ ಅಂತಾರೆ. ಉಗಾದಿ ಕಳೀತಿದ್ದಂಗೆ ಸೈಟು ಮಾಡ್ತಾರಂತೆ’ ಎಂದರು. ಗರಡಿಯನ್ನು ಮುಟ್ಟುವುದಿಲ್ಲವಂತೆ, ಆಂಜನೇಯನ ಭಯ. ಉಳಿದದ್ದೆಲ್ಲ ಹೋಗುತ್ತದೆ. ಸೈಟು ಕೊಂಡವರು ಯಾರೋ ಬಂದು ಮನೆ ಕಟ್ಟುತ್ತಾರೆ, ಅವರ ಫ್ಯಾಮಿಲಿ ಬರುತ್ತದೆ, ತುಳಸಿ ಕಟ್ಟೆ ಇಡುತ್ತದೆ. ನೀವು ಓಟದ ಗೆರೆ ಹಾಕಿದ ಕಡೆ ಅವರ ಹಿತ್ತಿಲ ಕಲ್ಲು ಬೀಳುತ್ತದೆ. ನಿಮ್ಮ ಮೇಲೆ ಯಾರಿಗೂ ದ್ವೇಷವಿಲ್ಲ. ನಿಮ್ಮನ್ನು ಮರೆತಿಲ್ಲ ಕೂಡ. ಸಂಘಕ್ಕೆ ಜೀವ ಇದ್ದದ್ದೇ ನಿಮ್ಮ ಕೂಗಾಟದಲ್ಲಿ, ಅದು ನಿಂತ ಮೇಲೆ ಅದೊಂದು ಖಾಲಿ ಜಾಗ, ಅಷ್ಟೆ.

ಇಷ್ಟು ನಾನು ನೋಡಿ ಬಂದದ್ದು. ಹೇಗಿದೆಯೆಂದು ಕೇಳಿದಿರಿ: ಹೆಂಗಸರು ಹೋಗುವ ಹಾಗಿಲ್ಲ, ಮಕ್ಕಳು ಆಡುವ ಹಾಗಿಲ್ಲ, ಗಂಡಸರಿಗೆ ಬಿಡುವಿಲ್ಲ. ನೀವು ಇಡೀ ಎದೆ ಇಟ್ಟುಕೊಂಡು ಬಂದು ನಿಂತರೂ ಸೀಟಿ ಕೇಳುವುದು ಆ ಎಮ್ಮೆಗೆ ಮಾತ್ರ. ಅದಕ್ಕೋಸ್ಕರ ಒಂದು ಎಲುಬನ್ನೂ ಉಳಿಸಿಕೊಳ್ಳಬೇಡಿ. ಇದನ್ನು ಓದಿ ನೀವು ಗೋಡೆಯ ಕಡೆ ತಿರುಗಿ ಮಲಗುತ್ತೀರೆಂದು ನನಗೆ ಗೊತ್ತು. ಮಲಗಿ. ಆದರೆ ಬೆಳಗ್ಗೆ ಡಾಕ್ಟರು ಬಂದಾಗ ಈ ಕಡೆ ತಿರುಗಬೇಕು.

ಗುಂಡಣ್ಣ ಬರುವ ವಾರ ಬರುತ್ತಾನೆ, ಪುಳಿಯೋಗರೆ ಗೊಜ್ಜು ಕಳಿಸುತ್ತೇನೆ, ಡಾಕ್ಟರನ್ನು ಕೇಳಿ ತಿನ್ನಿ. ಅತ್ತೆ ನಿಮಗೆ ಆಶೀರ್ವಾದ ಬರೆಯಲು ಹೇಳಿ, ಏನೆಂದು ಬರೆಯಲಿ ಎಂದರೆ, ‘ಅವನಿಗೆ ಗೊತ್ತಾಗತ್ತೆ ಬಿಡೇ’ ಎಂದರು. ಪುಟ್ಟಲಕ್ಷ್ಮಿ ಮುತ್ತು ಕೊಡುತ್ತಾಳೆ, ಕಾಗದಕ್ಕೆ ಎಂಜಲು ಹತ್ತಿದೆ, ಅದೇ ಅದು. ಅಕ್ಬರ್ ಪಾಷಾ ಸಲಾಂ ಹೇಳಿದ್ದಾರೆ.

ಇತಿ ನಿಮ್ಮ,
ಗೋದಾ

ಮರೆತಿದ್ದೆ: ಟಪಾಲು ಎತ್ತುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಮೇಲೆ ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಮೈದಾನ ಜಾತ್ರೆಯ ಹಾಗೆ ತುಂಬಿದ್ದರೂ, ಊರಿನ ಹೆಂಗಸರೆಲ್ಲ ಸೆರಗು ಕಟ್ಟಿ ಆಡುತ್ತಿದ್ದರೂ, ನಾನು ಇದನ್ನೇ ಬರೆಯುತ್ತಿದ್ದೆ. ಸುಳ್ಳೇ ಬರೆಯುತ್ತಿದ್ದೆ. ಆಪರೇಷನ್ ಆದರೂ ಉಳಿಯುವುದು ಖಾತ್ರಿಯಿಲ್ಲ ಎಂದು ಡಾಕ್ಟರು ಗುಂಡಣ್ಣನ ಹತ್ತಿರ ಹೇಳಿದ್ದಾರೆ, ಅದೂ ನನಗೆ ಗೊತ್ತು. ಆದರೂ ಹೂಂ ಅನ್ನಿ. ನಿಂತರೆ ಏದುಸಿರು ಬಿಡುವ, ಒಂದು ಭುಜ ಕುಸಿದ ಗಂಡ ಸಾಕು ನನಗೆ, ಅವನನ್ನಾದರೂ ಕಳಿಸಿಕೊಡಿ.